ಶೂಟರ್ ಗೇಮ್‌ಗೆ ಪಿಸಿ ಸೆಟ್ಟಿಂಗ್: ತುಮಕೂರಿನ ಗೇಮರ್‌ಗಳು ಪದೇ ಪದೇ ಕೇಳುವ ಪ್ರಶ್ನೆಗಳು

ವ್ಯಾಲೊರಂಟ್, ಸಿಎಸ್2 (ಕೌಂಟರ್-ಸ್ಟ್ರೈಕ್ 2) ಅನ್ನುವ ಶೂಟರ್ ಗೇಮ್ ಆಡುವವರು ಪಿಸಿ ಹೊತ್ತುಕೊಂಡು ನಮ್ಮ ಕಂಪ್ಯೂಟರ್ ಅಂಗಡಿಗೆ ಬರುತ್ತಿರುತ್ತಾರೆ. ಎಸ್‌ಐಟಿ ಎಂಜಿನಿಯರಿಂಗ್ ಕಾಲೇಜಿನ ಕಡೆಯ ಹಾಸ್ಟೆಲ್ ಹುಡುಗರು, ಎಸ್.ಎಸ್. ಪುರಂ ಪಿಜಿಗಳವರು, ಕ್ಯಾತ್ಸಂದ್ರದಿಂದ ಅಪ್ಪನ ಸ್ಕೂಟರ್‌ನಲ್ಲಿ ಸಿಪಿಯು ಇಟ್ಟುಕೊಂಡು ಬರುವವರು. ಎಲ್ಲರ ಮೊದಲ ಮಾತೂ ಒಂದೇ: "ಗ್ರಾಫಿಕ್ಸ್ ಕಾರ್ಡ್ ಬದಲಾಯಿಸಬೇಕಾ ಅಣ್ಣ?" ಹೆಚ್ಚಿನ ಸಲ ಬೇಕಾಗಿರುವುದಿಲ್ಲ. ಅದಕ್ಕೇ ಇಲ್ಲಿ ದುಡ್ಡು ಖರ್ಚಿಲ್ಲದೆ ಆಗುವ ಕೆಲಸಗಳನ್ನು ಮೊದಲು ಬರೆದಿದ್ದೇನೆ, ಖರ್ಚಿನದ್ದು ಕೊನೆಗೆ.

ಒಂದೇ ಷರತ್ತು. ಒಂದು ಸಲಕ್ಕೆ ಒಂದು ಸೆಟ್ಟಿಂಗ್ ಮಾತ್ರ ಬದಲಾಯಿಸಿ. ಒಂದು ಡೆತ್‌ಮ್ಯಾಚ್ (ರ‍್ಯಾಂಕ್ ಲೆಕ್ಕಕ್ಕೆ ಬಾರದ ಆಟ) ಆಡಿ ನೋಡಿ. ಆಮೇಲೆ ಮುಂದಿನದು. ಹತ್ತನ್ನು ಒಟ್ಟಿಗೆ ಬದಲಾಯಿಸಿದರೆ ಯಾವುದರಿಂದ ಸರಿಹೋಯಿತು, ಯಾವುದರಿಂದ ಕೆಟ್ಟಿತು ಅಂತ ಗೊತ್ತೇ ಆಗುವುದಿಲ್ಲ.

ಎಫ್‌ಪಿಎಸ್ 150 ತೋರಿಸುತ್ತೆ ಅಣ್ಣ, ಆದ್ರೂ ಫೈಟ್ ಶುರುವಾದ ತಕ್ಷಣ ಗೇಮ್ ಎಳೆಯುತ್ತೆ. ಯಾಕೆ?

ಎಫ್‌ಪಿಎಸ್ ಅಂದರೆ ಸೆಕೆಂಡಿಗೆ ತಯಾರಾಗುವ ಚಿತ್ರಗಳು, ಅಂದರೆ ಫ್ರೇಮ್‌ಗಳು. ಮೂಲೆಯಲ್ಲಿ ಕಾಣುವ ಆ 150 ಅನ್ನೋದು ಸರಾಸರಿ. ತುಮಕೂರು ಬಸ್ ಸ್ಟ್ಯಾಂಡಿನಿಂದ ಬೆಂಗಳೂರಿಗೆ ಗಂಟೆಗೆ ಹತ್ತು ಬಸ್ ಇದೆ ಅಂದುಕೊಳ್ಳಿ. ಆರು ನಿಮಿಷಕ್ಕೊಂದು ಬಂದರೆ ಚೆನ್ನ. ಒಂಬತ್ತು ಬಸ್ ಒಟ್ಟಿಗೆ ಬಂದು ಹೋಗಿ ಆಮೇಲೆ ಮುಕ್ಕಾಲು ಗಂಟೆ ಒಂದೂ ಬರದಿದ್ದರೂ ಲೆಕ್ಕದಲ್ಲಿ ಗಂಟೆಗೆ ಹತ್ತೇ. ಫ್ರೇಮ್‌ಗಳ ಕಥೆಯೂ ಇಷ್ಟೇ.

ನೋಡಬೇಕಾದ್ದು ಫ್ರೇಮ್ ಟೈಮ್, ಅಂದರೆ ಒಂದೊಂದು ಫ್ರೇಮ್ ತಯಾರಾಗಲು ಹಿಡಿಯುವ ಸಮಯ. 60 ಎಫ್‌ಪಿಎಸ್ ಅಂದರೆ ಫ್ರೇಮಿಗೆ 16.7 ಮಿಲಿಸೆಕೆಂಡ್. 144 ಅಂದರೆ ಸುಮಾರು 6.9. 240 ಅಂದರೆ ಸುಮಾರು 4.2. ನಿಮ್ಮದು 7ರಲ್ಲಿ ಓಡುತ್ತಾ ಇದ್ದಕ್ಕಿದ್ದಂತೆ 40ಕ್ಕೆ ಜಿಗಿದರೆ ಅದೇ ನಿಮಗೆ ಅನಿಸುವ "ಎಳೆತ". ಅದು ಆಗುವುದೂ ಸ್ಮೋಕ್ (ಹೊಗೆ) ಬಿದ್ದಾಗ, ಐದು ಜನ ಒಟ್ಟಿಗೆ ಸೈಟ್‌ಗೆ (ಬಾಂಬ್ ಇಡುವ ಜಾಗಕ್ಕೆ) ನುಗ್ಗಿದಾಗ. ಖಾಲಿ ಪ್ರಾಕ್ಟೀಸ್ ರೇಂಜಿನಲ್ಲಿ ನಿಂತು 300 ಬಂತು ಅಂತ ಖುಷಿಪಟ್ಟರೆ ಏನೂ ಉಪಯೋಗವಿಲ್ಲ.

ವ್ಯಾಲೊರಂಟ್‌ನ ವಿಡಿಯೊ ಸೆಟ್ಟಿಂಗ್ ಪಕ್ಕದಲ್ಲೇ ಸ್ಟ್ಯಾಟ್ಸ್ ಅಂತ ಇದೆ. ಅದರಲ್ಲಿ ಫ್ರೇಮ್ ಟೈಮ್‌ಗೆ ಗ್ರಾಫ್ ಹಾಕಿಕೊಳ್ಳಿ. ಸಿಎಸ್2ನಲ್ಲಿ ಗೇಮ್ ಸೆಟ್ಟಿಂಗ್ ಒಳಗೆ ಟೆಲಿಮೆಟ್ರಿ ಅನ್ನುವ ಭಾಗದಲ್ಲಿ ಫ್ರೇಮ್ ಟೈಮ್, ಪಿಂಗ್ (ಗೇಮ್ ಸರ್ವರಿಗೆ ಸುದ್ದಿ ಹೋಗಿ ಬರುವ ಸಮಯ) ಎಲ್ಲ ತೋರಿಸುವಂತೆ ಮಾಡಬಹುದು. 200ಕ್ಕೂ 60ಕ್ಕೂ ಹೊಯ್ದಾಡುವ ಪಿಸಿಗಿಂತ 120ರಲ್ಲಿ ಅಲುಗಾಡದೆ ನಿಲ್ಲುವ ಪಿಸಿಯೇ ಮೇಲು. ಕೆಳಗಿನ ಸಲಹೆಗಳೆಲ್ಲ ಆ ಸ್ಥಿರತೆಗಾಗಿಯೇ.

ತೊಂದರೆ ಪಿಸಿದೋ ನೆಟ್‌ದೋ ಅಂತ ಹೇಗೆ ಗೊತ್ತಾಗುತ್ತೆ?

ಎರಡಕ್ಕೂ ಎಲ್ಲರೂ "ಲ್ಯಾಗ್" ಅಂತಲೇ ಹೇಳುತ್ತಾರೆ. ಮೌಸ್ ತಿರುಗಿಸಿದಾಗ ಪರದೆಯೇ ತಡವರಿಸಿದರೆ ಪಿಸಿ ತೊಂದರೆ. ನೀವು ಆರಾಮಾಗಿ ತಿರುಗುತ್ತಿದ್ದೀರಿ, ಆದರೆ ಎದುರಾಳಿ ಇದ್ದಲ್ಲಿಂದ ಇನ್ನೊಂದು ಕಡೆ ಹಾರುತ್ತಾನೆ, ಗೋಡೆ ಹಿಂದೆ ಬಂದ ಮೇಲೂ ನೀವು ಸಾಯುತ್ತೀರಿ ಅಂದರೆ ಅದು ನೆಟ್. ಸಾಯುವುದಕ್ಕೆ ಬೇರೆ ಕಾರಣಗಳೂ ಇರುತ್ತವೆ, ಅದು ಬೇರೆ ವಿಷಯ.

ಪಿಸಿಯೇ ಅಂತಾದರೆ ಇನ್ನೊಂದು ಪರೀಕ್ಷೆ ಮಾಡಿ. ರೆಸಲ್ಯೂಷನ್ ಅನ್ನು 1920×1080ರಿಂದ 1280×720ಕ್ಕೆ ಇಳಿಸಿ ಆಡಿ. ಎಫ್‌ಪಿಎಸ್ ಚೆನ್ನಾಗಿ ಏರಿದರೆ ಗ್ರಾಫಿಕ್ಸ್ ಕಾರ್ಡ್ ಸಾಲುತ್ತಿಲ್ಲ. ಅಷ್ಟೇ ಇದ್ದರೆ ಪ್ರೊಸೆಸರ್ ಅಥವಾ ರ‍್ಯಾಮ್ ತಡೆಯುತ್ತಿದೆ, ಹೊಸ ಕಾರ್ಡ್ ತಂದರೂ ವ್ಯತ್ಯಾಸ ಆಗುವುದಿಲ್ಲ. ಈ ಐದು ನಿಮಿಷದ ಪರೀಕ್ಷೆ ಮಾಡದೆ ಬೆಂಗಳೂರಿನ ಕಂಪ್ಯೂಟರ್ ಅಂಗಡಿಗಳ ಎಸ್.ಪಿ. ರೋಡಿಗೆ ಬಸ್ ಹತ್ತಬೇಡಿ.

144 ಹರ್ಟ್ಸ್ ಮಾನಿಟರ್ ತಗೊಂಡೆ. ಹಳೇದಕ್ಕೂ ಇದಕ್ಕೂ ಏನೂ ವ್ಯತ್ಯಾಸ ಕಾಣ್ತಿಲ್ಲ.

ವಿಂಡೋಸ್ ಇನ್ನೂ 60ರಲ್ಲೇ ಓಡಿಸುತ್ತಿರಬಹುದು. ಸೆಟ್ಟಿಂಗ್ಸ್, ಸಿಸ್ಟಮ್, ಡಿಸ್‌ಪ್ಲೇ, ಅಡ್ವಾನ್ಸ್ಡ್ ಡಿಸ್‌ಪ್ಲೇ. ಅಲ್ಲಿ ರಿಫ್ರೆಶ್ ರೇಟ್ (ಮಾನಿಟರ್ ಸೆಕೆಂಡಿಗೆ ಎಷ್ಟು ಸಲ ಚಿತ್ರ ಬದಲಿಸುತ್ತದೆ ಅನ್ನೋದು) 144 ಆರಿಸಿ. ತಿಂಗಳುಗಟ್ಟಲೆ ಇದನ್ನು ನೋಡದೆ ಆಡಿದವರಿದ್ದಾರೆ.

ಆ ಪಟ್ಟಿಯಲ್ಲಿ 144 ಇಲ್ಲವೇ ಇಲ್ಲ ಅಂದರೆ ಕೇಬಲ್ ನೋಡಿ. ಹಳೆ ಟಿವಿಯ ಎಚ್‌ಡಿಎಂಐ ಕೇಬಲ್ ತೆಗೆದು ಡಿಸ್‌ಪ್ಲೇಪೋರ್ಟ್ ಕೇಬಲ್ ಹಾಕಿ. ಇನ್ನೊಂದು: ಕೇಬಲ್ ಸಿಪಿಯು ಹಿಂದೆ ಎಲ್ಲಿಗೆ ಸಿಕ್ಕಿಸಿದ್ದೀರಿ? ಮೇಲೆ ಯುಎಸ್‌ಬಿ ಸಾಲಿನ ಪಕ್ಕ ಇರುವುದು ಮದರ್‌ಬೋರ್ಡಿನದು. ಕೆಳಗೆ ಅಡ್ಡಲಾಗಿರುವುದು ಗ್ರಾಫಿಕ್ಸ್ ಕಾರ್ಡಿನದು. ಮೇಲಿನದಕ್ಕೆ ಸಿಕ್ಕಿಸಿದರೆ ಸಾವಿರಾರು ರೂಪಾಯಿ ಕೊಟ್ಟ ಕಾರ್ಡ್ ಒಳಗೆ ಸುಮ್ನೆ ಕೂತಿರುತ್ತದೆ.

ವಿಂಡೋಸ್‌ನಲ್ಲಿ ಮೊದಲು ಏನೇನು ಬದಲಾಯಿಸಬೇಕು?

ಜಾಸ್ತಿ ಏನಿಲ್ಲ. ಪವರ್ ಪ್ಲ್ಯಾನ್ ಹೈ ಪರ್ಫಾರ್ಮೆನ್ಸ್‌ಗೆ ಹಾಕಿ. ಗೇಮ್ ಮೋಡ್ ಆನ್ ಇರಲಿ. ಗೇಮ್ ಬಾರ್‌ನಲ್ಲಿ ಹಿನ್ನೆಲೆಯಲ್ಲಿ ರೆಕಾರ್ಡ್ ಮಾಡುವ ಆಯ್ಕೆ ಆಫ್ ಮಾಡಿ, ಅದು ಆನ್ ಇದ್ದರೆ ನೀವು ಕೇಳದಿದ್ದರೂ ಆಟವನ್ನು ಚಿತ್ರೀಕರಿಸುತ್ತಲೇ ಇರುತ್ತದೆ. ಟಾಸ್ಕ್ ಮ್ಯಾನೇಜರ್‌ನ ಸ್ಟಾರ್ಟಪ್ ಪಟ್ಟಿಯಲ್ಲಿ ಬೇಡದ್ದನ್ನೆಲ್ಲ ನಿಲ್ಲಿಸಿ. ಟೊರೆಂಟ್, ಎರಡು ಮೂರು ಗೇಮ್ ಲಾಂಚರ್, ಅಲುಗಾಡುವ ವಾಲ್‌ಪೇಪರ್, ಪ್ರಿಂಟರ್ ಜೊತೆ ಬಂದ ಸಾಫ್ಟ್‌ವೇರ್ ಇವೆಲ್ಲ ಅಲ್ಲೇ ಇರುತ್ತವೆ. ಆಡುವಾಗ ಬ್ರೌಸರ್ ಮುಚ್ಚಿ. ಇಪ್ಪತ್ತು ಟ್ಯಾಬ್ ತೆರೆದಿಟ್ಟು 8 ಜಿಬಿ ರ‍್ಯಾಮ್‌ನಲ್ಲಿ ಸಿಎಸ್2 ಆಡುತ್ತೇನೆ ಅಂದರೆ ಆಗದ ಮಾತು. ಆ ಗೇಮ್‌ಗೆ ಕನಿಷ್ಠ ಅಂತ ಹೇಳಿರುವುದೇ 8 ಜಿಬಿ.

ಹಾರ್ಡ್‌ವೇರ್ ಆಕ್ಸಲರೇಟೆಡ್ ಜಿಪಿಯು ಶೆಡ್ಯೂಲಿಂಗ್ ಅಂತ ಒಂದಿದೆ, ಗ್ರಾಫಿಕ್ಸ್ ಕಾರ್ಡೇ ತನ್ನ ಕೆಲಸದ ಸರದಿ ನೋಡಿಕೊಳ್ಳುವ ಆಯ್ಕೆ. ಕೆಲವು ಪಿಸಿಗಳಲ್ಲಿ ಒಳ್ಳೆಯದಾಗುತ್ತದೆ, ಕೆಲವದರಲ್ಲಿ ಏನೂ ಆಗುವುದಿಲ್ಲ. ಆನ್ ಮಾಡಿ, ರೀಸ್ಟಾರ್ಟ್ ಮಾಡಿ, ಗ್ರಾಫ್ ನೋಡಿ ತೀರ್ಮಾನಿಸಿ. ಮೆಮೊರಿ ಇಂಟೆಗ್ರಿಟಿ (ವಿಂಡೋಸ್‌ನ ಒಂದು ಭದ್ರತಾ ಸೌಲಭ್ಯ) ಆಫ್ ಮಾಡಿದರೆ ಎಫ್‌ಪಿಎಸ್ ಬರುತ್ತೆ ಅಂತ ಎಲ್ಲ ವಿಡಿಯೊದಲ್ಲೂ ಹೇಳುತ್ತಾರೆ. ಸುಳ್ಳಲ್ಲ, ಮೈಕ್ರೋಸಾಫ್ಟ್ ಕೂಡ 2022ರಲ್ಲಿ ಗೇಮರ್‌ಗಳಿಗೆ ಆ ದಾರಿ ತೋರಿಸಿತ್ತು. ಆದರೆ ಅದು ಪಿಸಿಯ ಕಾವಲನ್ನು ಸಡಿಲ ಮಾಡುವ ಕೆಲಸ. ಅದೇ ಪಿಸಿಯಲ್ಲಿ ಅಪ್ಪನ ಬ್ಯಾಂಕ್ ಕೆಲಸವೂ ನಡೆಯುತ್ತಿದ್ದರೆ ನಾನಂತೂ ಮುಟ್ಟುವುದಿಲ್ಲ.

ಪೇಜ್ ಫೈಲ್ (ರ‍್ಯಾಮ್ ಸಾಲದಾಗ ವಿಂಡೋಸ್ ಬಳಸುವ ಡಿಸ್ಕಿನ ಜಾಗ) ಆಫ್ ಮಾಡಬೇಡಿ. ರ‍್ಯಾಮ್ ತುಂಬಿದ ಕ್ಷಣ ಗೇಮ್ ಮುಚ್ಚಿಕೊಳ್ಳುತ್ತದೆ, ಅಷ್ಟೇ ಲಾಭ.

8 ಜಿಬಿ ರ‍್ಯಾಮ್ ಒಂದೇ ಸ್ಟಿಕ್ ಇದೆ. ಸಾಕಾ?

ನಮ್ಮ ಕಡೆ ಜೋಡಿಸಿದ ಪಿಸಿಗಳಲ್ಲಿ ನಾನು ಮೊದಲು ನೋಡುವುದೇ ಇದನ್ನು. ಒಂದೇ ಸ್ಟಿಕ್ ಇದ್ದರೆ ಪ್ರೊಸೆಸರ್ ಮತ್ತು ರ‍್ಯಾಮ್ ನಡುವೆ ಒಂದೇ ದಾರಿ. ಒಂದೇ ಥರದ ಎರಡು ಸ್ಟಿಕ್ ಹಾಕಿದರೆ ಎರಡು ದಾರಿ. ಇದಕ್ಕೇ ಡ್ಯುಯಲ್ ಚಾನೆಲ್ ಅನ್ನುವುದು. ಗ್ರಾಫಿಕ್ಸ್ ಕಾರ್ಡ್ ಇಲ್ಲದೆ ರೈಜನ್ 5600ಜಿ ಥರದ ಪ್ರೊಸೆಸರ್‌ನಲ್ಲೇ ಆಡುವವರಿಗೆ ಇದು ತುಂಬಾ ಮುಖ್ಯ. ಅವರ ಗ್ರಾಫಿಕ್ಸ್‌ಗೆ ಸ್ವಂತ ಮೆಮೊರಿ ಇಲ್ಲ, ಇದೇ ರ‍್ಯಾಮ್‌ನಿಂದ ತೆಗೆದುಕೊಳ್ಳಬೇಕು. ಎರಡನೇ ಸ್ಟಿಕ್ ಹಾಕಿದ ದಿನವೇ ವ್ಯತ್ಯಾಸ ಕಣ್ಣಿಗೆ ಕಾಣುತ್ತದೆ.

ನಾಲ್ಕು ಸ್ಲಾಟ್ ಇರುವ ಬೋರ್ಡಿನಲ್ಲಿ ಪ್ರೊಸೆಸರ್ ಕಡೆಯಿಂದ ಎಣಿಸಿ ಎರಡನೆಯದು ಮತ್ತು ನಾಲ್ಕನೆಯದಕ್ಕೆ ಹಾಕುವುದು ರೂಢಿ. ಅಕ್ಕಪಕ್ಕ ಹಾಕಿದರೆ ಎರಡು ಸ್ಟಿಕ್ ಇದ್ದೂ ಒಂದೇ ಚಾನೆಲ್ ಆಗಬಹುದು. ಬೋರ್ಡಿನ ಪುಸ್ತಕದಲ್ಲಿ ಚಿತ್ರ ಇರುತ್ತದೆ, ನೋಡಿಕೊಳ್ಳಿ.

ಇನ್ನು ಸ್ಪೀಡ್. ಟಾಸ್ಕ್ ಮ್ಯಾನೇಜರ್ ತೆಗೆದು ಪರ್ಫಾರ್ಮೆನ್ಸ್, ಮೆಮೊರಿ ನೋಡಿ. ಡಬ್ಬಿಯ ಮೇಲೆ 3200 ಅಂತಿದ್ದು ಇಲ್ಲಿ 2133 ಅಥವಾ 2400 ಅಂತ ಕಂಡರೆ ನೀವು ಕೊಟ್ಟ ದುಡ್ಡಿನ ಒಂದಷ್ಟು ಭಾಗ ಮಲಗಿದೆ. ಪಿಸಿ ಆನ್ ಆಗುವಾಗ ಡಿಲೀಟ್ ಅಥವಾ ಎಫ್2 ಒತ್ತಿ ಬಯೋಸ್‌ಗೆ (ಮದರ್‌ಬೋರ್ಡಿನ ಸೆಟ್ಟಿಂಗ್ ಪರದೆಗೆ) ಹೋಗಿ ಎಕ್ಸ್‌ಎಂಪಿ ಆನ್ ಮಾಡಿ, ಡಬ್ಬಿಯ ಮೇಲಿನ ಸ್ಪೀಡ್ ಕೊಡುವ ಆಯ್ಕೆ ಅದು. ಎಎಂಡಿಯ ಡಿಡಿಆರ್5 ಬೋರ್ಡ್ ಆದರೆ ಎಕ್ಸ್‌ಪೋ ಅಂತಿರುತ್ತದೆ. ಇಂಟೆಲ್‌ನ ಕೆಲವು ಅಗ್ಗದ ಬೋರ್ಡ್‌ಗಳಲ್ಲಿ ಇದಕ್ಕೆ ಅವಕಾಶ ಇಲ್ಲ. ಆನ್ ಮಾಡಿದ ಮೇಲೆ ಪಿಸಿ ತಾನಾಗಿ ರೀಸ್ಟಾರ್ಟ್ ಆಗುತ್ತಿದ್ದರೆ ಒಂದು ಮೆಟ್ಟಿಲು ಕೆಳಗಿನ ಸ್ಪೀಡ್ ಇಡಿ.

ವ್ಯಾಲೊರಂಟ್‌ಗೆ ಯಾವ ಸೆಟ್ಟಿಂಗ್ ಇಡಬೇಕು?

ಮಲ್ಟಿಥ್ರೆಡೆಡ್ ರೆಂಡರಿಂಗ್ ಆನ್. ಮೆಟೀರಿಯಲ್, ಟೆಕ್ಸ್ಚರ್, ಡೀಟೇಲ್, ಯುಐ ಎಲ್ಲ ಲೋ. ವಿನ್ಯೆಟ್, ಬ್ಲೂಮ್, ಡಿಸ್ಟಾರ್ಷನ್, ಕಾಸ್ಟ್ ಶ್ಯಾಡೋಸ್, ವಿ-ಸಿಂಕ್ ಎಲ್ಲ ಆಫ್. ಡಿಸ್‌ಪ್ಲೇ ಮೋಡ್ ಫುಲ್‌ಸ್ಕ್ರೀನ್. ಆಂಟಿ ಏಲಿಯಾಸಿಂಗ್ ಮಾತ್ರ ನಿಮ್ಮ ಇಷ್ಟ. ದೂರದ ತಲೆ ಹಲ್ಲುಹಲ್ಲಾಗಿ ಕಾಣುತ್ತಿದ್ದರೆ ಎಂಎಸ್‌ಎಎ 2 ಇಡಿ, ಕಾರ್ಡ್ ಇದ್ದವರಿಗೆ ಅದೇನೂ ಭಾರವಲ್ಲ.

ಎಲ್ಲ ಲೋ ಮಾಡಿದರೂ ಎಫ್‌ಪಿಎಸ್ ಏರಲಿಲ್ಲ ಅಂತ ಹಲವರು ಬೇಜಾರಾಗುತ್ತಾರೆ. ಈ ಗೇಮ್ ಗ್ರಾಫಿಕ್ಸ್ ಕಾರ್ಡಿಗಿಂತ ಪ್ರೊಸೆಸರನ್ನೇ ಹೆಚ್ಚು ದುಡಿಸುತ್ತದೆ. ಸ್ಟ್ಯಾಟ್ಸ್‌ನಲ್ಲಿ ಸಿಪಿಯು ಟೈಮ್ (ಪ್ರೊಸೆಸರ್ ತೆಗೆದುಕೊಳ್ಳುವ ಸಮಯ), ಜಿಪಿಯು ಟೈಮ್ (ಗ್ರಾಫಿಕ್ಸ್ ಕಾರ್ಡಿನದು) ಎರಡನ್ನೂ ಹಾಕಿ ನೋಡಿ. ಸಿಪಿಯು ಟೈಮ್ ದೊಡ್ಡದಿದ್ದರೆ ಟೆಕ್ಸ್ಚರ್ ಮೀಡಿಯಂ ಇಟ್ಟರೂ ನಷ್ಟವಿಲ್ಲ, ಚಂದವಾಗಿಯಾದರೂ ಕಾಣಲಿ.

ಸಿಎಸ್2ನಲ್ಲೂ ಎಲ್ಲ ಲೋ ಇಡೋದೇ ತಾನೇ?

ಅಲ್ಲ, ಇಲ್ಲೇ ಹುಷಾರು. ಸಿಎಸ್2 2023ರ ಸೆಪ್ಟೆಂಬರ್‌ನಲ್ಲಿ ಹಳೆಯ ಸಿಎಸ್‌ಗೋ ಜಾಗಕ್ಕೆ ಬಂದಾಗಿನಿಂದ ನೆರಳು ಆಟದ ಭಾಗವಾಗಿದೆ. ಮೂಲೆಯ ಆಚೆ ನಿಂತವನ ನೆರಳು ಅವನಿಗಿಂತ ಮೊದಲೇ ನಿಮಗೆ ಕಾಣಬಹುದು. ಶ್ಯಾಡೋ ಕ್ವಾಲಿಟಿ ತೀರಾ ಇಳಿಸಿದರೆ ಆ ಸುಳಿವು ಹೋಗುತ್ತದೆ. ಹಾಗಾಗಿ ಡೈನಮಿಕ್ ಶ್ಯಾಡೋಸ್ ಆಲ್ ಇರಲಿ, ಶ್ಯಾಡೋ ಕ್ವಾಲಿಟಿ ಪಿಸಿ ತಡೆಯುವಷ್ಟು ಮೇಲಿರಲಿ. ಉಳಿದಿದ್ದನ್ನು ಇಳಿಸಿ: ಶೇಡರ್, ಪಾರ್ಟಿಕಲ್, ಆಂಬಿಯೆಂಟ್ ಆಕ್ಲೂಷನ್.

ಫಿಡೆಲಿಟಿಎಫ್ಎಕ್ಸ್ ಸೂಪರ್ ರೆಸಲ್ಯೂಷನ್ ಆನ್ ಮಾಡಿದರೆ ಎಫ್‌ಪಿಎಸ್ ಬರುತ್ತದೆ, ದೂರದ ಆಳು ಮಸುಕಾಗುತ್ತಾನೆ. ತೀರಾ ಹಳೆ ಕಾರ್ಡ್ ಇದ್ದರೆ ಮಾತ್ರ ಅದರ ಮೊರೆ ಹೋಗಿ.

ದೊಡ್ಡ ಅಪ್‌ಡೇಟ್ ಬಂದ ಮೇಲೆ ಅಥವಾ ಡ್ರೈವರ್ (ಗ್ರಾಫಿಕ್ಸ್ ಕಾರ್ಡನ್ನು ಓಡಿಸುವ ಸಾಫ್ಟ್‌ವೇರ್) ಬದಲಾಯಿಸಿದ ಮೇಲೆ ಮೊದಲ ಒಂದೆರಡು ಮ್ಯಾಚ್ ತಡವರಿಸಿದರೆ ಗಾಬರಿ ಬೇಡ. ಶೇಡರ್‌ಗಳನ್ನು (ಬೆಳಕು, ಬಣ್ಣ ಬಿಡಿಸುವ ಚಿಕ್ಕ ಪ್ರೋಗ್ರಾಂಗಳನ್ನು) ಹೊಸದಾಗಿ ತಯಾರಿಸಿಕೊಳ್ಳುತ್ತಿರುತ್ತದೆ. ಆ ಹೊತ್ತಿನಲ್ಲಿ ರ‍್ಯಾಂಕ್ಡ್ ಆಡದೆ ಡೆತ್‌ಮ್ಯಾಚ್ ಆಡಿ. ಲಾಂಚ್ ಆಪ್ಷನ್ ಅಂತ ಇಂಟರ್ನೆಟ್ಟಿನಲ್ಲಿ ಸಿಗುವ ಉದ್ದುದ್ದ ಸಾಲುಗಳು ಹಳೆ ಗೇಮಿನ ಕಾಲದ್ದು, ಅಂಟಿಸುವುದು ಬೇಡ.

4:3 ಸ್ಟ್ರೆಚ್ಡ್ ಹಾಕಿದರೆ ಒಳ್ಳೇದಾ?

ಹಳೆ ಟಿವಿಯ 4:3 ಆಕಾರದ ಚಿತ್ರವನ್ನು ಅಗಲ ಪರದೆಗೆ ಹಿಗ್ಗಿಸುವುದು ಇದು. ಸಿಎಸ್2ನಲ್ಲಿ ಎದುರಾಳಿ ಅಗಲವಾಗಿ ಕಾಣುತ್ತಾನೆ, ಕಾರ್ಡಿನ ಹೊರೆಯೂ ಇಳಿಯುತ್ತದೆ. ಬದಲಿಗೆ ಎರಡೂ ಬದಿಯ ನೋಟ ಕತ್ತರಿಸಿಹೋಗುತ್ತದೆ: 16:9ರಲ್ಲಿ ಅಡ್ಡಕ್ಕೆ ಸುಮಾರು 106 ಡಿಗ್ರಿ ಕಂಡರೆ 4:3ರಲ್ಲಿ 90. ಅಗಲವಾದವನು ಅಷ್ಟೇ ಬೇಗ ಓಡಿದಂತೆಯೂ ಕಾಣುತ್ತಾನೆ. ಅಭ್ಯಾಸದ ಮಾತು ಅಷ್ಟೆ. ವ್ಯಾಲೊರಂಟ್‌ನಲ್ಲಿ ಗೇಮಿನೊಳಗೆ 4:3 ಆರಿಸಿದರೆ ಎದುರಾಳಿ ಅಗಲವಾಗುವುದಿಲ್ಲ. ಅಲ್ಲಿ ಅದರ ಸಹವಾಸ ಬೇಡ.

ವಿ-ಸಿಂಕ್, ರಿಫ್ಲೆಕ್ಸ್, ಎಫ್‌ಪಿಎಸ್ ಲಿಮಿಟ್. ಯಾವುದು ಆನ್, ಯಾವುದು ಆಫ್?

ವಿ-ಸಿಂಕ್ ಆಫ್. ಅದು ಚಿತ್ರ ಹರಿದು ಕಾಣುವುದನ್ನು ನಿಲ್ಲಿಸುತ್ತದೆ, ಆದರೆ ಫ್ರೇಮನ್ನು ಮಾನಿಟರಿಗೋಸ್ಕರ ಕಾಯಿಸುತ್ತದೆ. ಕೈ ತಿರುಗಿದ್ದು ಕಣ್ಣಿಗೆ ಬರುವುದು ತಡವಾಗುತ್ತದೆ.

ಎನ್‌ವಿಡಿಯಾ ಕಾರ್ಡ್ ಇದ್ದರೆ ರಿಫ್ಲೆಕ್ಸ್ ಆನ್ ಮಾಡಿ. 2020ರಲ್ಲಿ ಬಂದಿದ್ದು, ಎರಡೂ ಗೇಮಿನಲ್ಲಿದೆ. ಕಾರ್ಡಿನ ಮುಂದೆ ಫ್ರೇಮ್‌ಗಳು ಸಾಲುಗಟ್ಟಿ ನಿಲ್ಲದಂತೆ ನೋಡಿಕೊಳ್ಳುತ್ತದೆ. ಎಎಂಡಿ ಕಾರ್ಡಿನವರಿಗೆ ಒಂದು ಹಳೆ ಕಥೆ ಗೊತ್ತಿರಲಿ. 2023ರ ಅಕ್ಟೋಬರ್‌ನಲ್ಲಿ ಎಎಂಡಿಯ ಇಂಥದ್ದೇ ಸೌಲಭ್ಯವಾದ ಆಂಟಿ-ಲ್ಯಾಗ್ ಪ್ಲಸ್ ಆನ್ ಮಾಡಿ ಸಿಎಸ್2 ಆಡಿದವರಿಗೆ ಬ್ಯಾನ್ ಬಿತ್ತು. ಡ್ರೈವರ್ ಗೇಮಿನ ಒಳಗೇ ಕೈ ಹಾಕುತ್ತಿದ್ದರಿಂದ ಅದನ್ನು ಚೀಟ್ ಅಂತ ಎಣಿಸಲಾಗಿತ್ತು. ಎಎಂಡಿ ಆ ಡ್ರೈವರನ್ನೇ ವಾಪಸ್ ತೆಗೆದುಕೊಂಡಿತು. 2024ರಲ್ಲಿ ಆಂಟಿ-ಲ್ಯಾಗ್ 2 ಬಂತು, ಅದು ಸಿಎಸ್2 ಒಳಗಿನ ಆಯ್ಕೆಯಾಗಿಯೇ ಇದೆ, ಅದನ್ನು ಬಳಸಬಹುದು.

ಎಫ್‌ಪಿಎಸ್ ಲಿಮಿಟ್ ಬಗ್ಗೆ ಜಗಳವೇ ನಡೆಯುತ್ತದೆ. ನನ್ನ ಅಭಿಪ್ರಾಯ ಹೀಗೆ: ಪಿಸಿ ತಣ್ಣಗಿದ್ದು ಫ್ರೇಮ್ ಟೈಮ್ ನೇರವಾಗಿದ್ದರೆ ಲಿಮಿಟ್ ಬೇಡ. 90ಕ್ಕೂ 220ಕ್ಕೂ ಕುಣಿಯುತ್ತಿದ್ದರೆ, ಅಥವಾ ಲ್ಯಾಪ್‌ಟಾಪ್ ಬಿಸಿಯಾಗುತ್ತಿದ್ದರೆ, ನಿಮ್ಮ ಪಿಸಿ ಫೈಟ್‌ನಲ್ಲೂ ಹಿಡಿದಿಡಬಲ್ಲ ಸಂಖ್ಯೆಗೆ ಲಿಮಿಟ್ ಹಾಕಿ. 144 ಹರ್ಟ್ಸ್ ಮಾನಿಟರಿಗೆ ಫ್ರೀಸಿಂಕ್ (ಮಾನಿಟರೇ ಎಫ್‌ಪಿಎಸ್‌ಗೆ ಹೊಂದಿಕೊಳ್ಳುವ ಸೌಲಭ್ಯ) ಇದ್ದು ಅದನ್ನು ಬಳಸುತ್ತಿದ್ದರೆ 140ರ ಸುತ್ತ ಇಡಿ.

ಮೌಸ್ ಸೆನ್ಸಿಟಿವಿಟಿ ಒಂದೊಂದು ದಿನ ಒಂದೊಂದು ಥರ ಅನ್ಸುತ್ತೆ.

ವಿಂಡೋಸ್‌ನ ಮೌಸ್ ಸೆಟ್ಟಿಂಗಿನಲ್ಲಿ ಎನ್‌ಹ್ಯಾನ್ಸ್ ಪಾಯಿಂಟರ್ ಪ್ರಿಸಿಷನ್ ಟಿಕ್ ತೆಗೆಯಿರಿ. ಹೆಸರು ನೋಡಿ ಮೋಸಹೋಗಬೇಡಿ. ಕೈ ಬೇಗ ಆಡಿಸಿದರೆ ಜಾಸ್ತಿ ದೂರ, ನಿಧಾನ ಆಡಿಸಿದರೆ ಕಮ್ಮಿ ದೂರ ಓಡಿಸುವುದು ಅದರ ಕೆಲಸ. ಗೇಮ್ ನೇರವಾಗಿ ಮೌಸ್‌ನಿಂದಲೇ ಓದುವಾಗ ಅದರ ಆಟ ನಡೆಯುವುದಿಲ್ಲ ನಿಜ, ಆದರೂ ಡೆಸ್ಕ್‌ಟಾಪಿನಲ್ಲೊಂದು ಗೇಮಿನಲ್ಲೊಂದು ಅಭ್ಯಾಸ ಯಾಕೆ?

ಡಿಪಿಐ (ಮೌಸ್ ಒಂದು ಇಂಚು ಸರಿದರೆ ಎಷ್ಟು ಎಣಿಸುತ್ತದೆ ಅನ್ನೋದು) 400 ಅಥವಾ 800 ಇಟ್ಟು ಗೇಮಿನೊಳಗಿನ ಸೆನ್ಸಿಟಿವಿಟಿ ಹೊಂದಿಸಿ. ಪೋಲಿಂಗ್ ರೇಟ್ 1000 ಇರಲಿ. 125 ಇದ್ದರೆ ಮೌಸ್ 8 ಮಿಲಿಸೆಕೆಂಡಿಗೊಮ್ಮೆ ಸುದ್ದಿ ಕಳಿಸುತ್ತದೆ, 1000 ಇದ್ದರೆ 1 ಮಿಲಿಸೆಕೆಂಡಿಗೊಮ್ಮೆ. 8000ದ ಮೌಸ್ ಹಳೆ ಪ್ರೊಸೆಸರಿಗೆ ಹೊರೆ, ಎಫ್‌ಪಿಎಸ್ಸೇ ಇಳಿಯಬಹುದು.

ಕೀಬೋರ್ಡಿನವರಿಗೆ ಒಂದು ಮಾತು. ಸ್ನ್ಯಾಪ್ ಟ್ಯಾಪ್ (ಎಡ, ಬಲ ಎರಡು ಕೀ ಒಟ್ಟಿಗೆ ಒತ್ತಿದಾಗ ಕೊನೆಗೆ ಒತ್ತಿದ್ದನ್ನೇ ಎಣಿಸುವುದು) ಥರದ ಸೌಲಭ್ಯ ಇದ್ದರೆ ಸಿಎಸ್2 ಆಡುವಾಗ ಆಫ್ ಮಾಡಿ. 2024ರ ಆಗಸ್ಟ್‌ನಿಂದ ಸಿಎಸ್2 ಕಂಪನಿ ವಾಲ್ವ್ ತನ್ನ ಸರ್ವರ್‌ಗಳಲ್ಲಿ ಅದನ್ನು ಬಳಸುವವರನ್ನು ಮ್ಯಾಚ್‌ನಿಂದ ಹೊರಗೆ ಹಾಕುತ್ತಿದೆ.

ಲ್ಯಾಪ್‌ಟಾಪ್‌ನಲ್ಲಿ ಮೊದಲ ಹತ್ತು ನಿಮಿಷ ಚೆನ್ನಾಗಿರುತ್ತೆ, ಆಮೇಲೆ ಎಫ್‌ಪಿಎಸ್ ಅರ್ಧಕ್ಕೆ ಬೀಳುತ್ತೆ.

ಕಾವು. ಪ್ರೊಸೆಸರ್ 95, 100 ಡಿಗ್ರಿ ಮುಟ್ಟಿದರೆ ತನ್ನನ್ನು ಉಳಿಸಿಕೊಳ್ಳಲು ತಾನೇ ವೇಗ ತಗ್ಗಿಸುತ್ತದೆ. ಏಪ್ರಿಲ್ ತಿಂಗಳ ಮಧ್ಯಾಹ್ನ, ಶೀಟಿನ ಮನೆ, ಹಾಸಿಗೆಯ ಮೇಲೆ ಲ್ಯಾಪ್‌ಟಾಪ್ ಇಟ್ಟು ಆಡಿದರೆ ಮತ್ತೇನಾಗಬೇಕು? ಪಾವಗಡದ ಹುಡುಗರು ಬೇಸಿಗೆ ರಜೆಗೆ ಊರಿಗೆ ಹೋದಾಗ ಇದೇ ದೂರು ಜಾಸ್ತಿ. ಸೋಲಾರ್ ಪಾರ್ಕಿಗೆ ಹೇಳಿಮಾಡಿಸಿದ ಬಿಸಿಲು ಲ್ಯಾಪ್‌ಟಾಪಿಗೆ ಒಗ್ಗುವುದಿಲ್ಲ.

ಮೇಜಿನ ಮೇಲೆ ಇಡಿ. ಹಿಂದಿನ ಎರಡು ಕಾಲಿನ ಕೆಳಗೆ ಏನಾದರೂ ಇಟ್ಟು ಒಂದೆರಡು ಇಂಚು ಎತ್ತರಿಸಿ, ಗಾಳಿ ಕೆಳಗಿಂದಲೇ ಒಳಗೆ ಹೋಗಬೇಕು. ಚಾರ್ಜರ್ ಹಾಕಿಕೊಂಡೇ ಆಡಿ, ಬ್ಯಾಟರಿಯಲ್ಲಿ ಪೂರ್ತಿ ಶಕ್ತಿ ಬರುವುದಿಲ್ಲ. ವ್ಯಾಲೊರಂಟ್‌ನಲ್ಲಂತೂ ಬ್ಯಾಟರಿಯಲ್ಲಿರುವಾಗ ಎಫ್‌ಪಿಎಸ್ ತಗ್ಗಿಸುವ ಆಯ್ಕೆಯೇ ಇದೆ. ಲ್ಯಾಪ್‌ಟಾಪ್ ಕಂಪನಿಯ ಸಾಫ್ಟ್‌ವೇರ್‌ನಲ್ಲಿ ಪರ್ಫಾರ್ಮೆನ್ಸ್ ಮೋಡ್ ಆರಿಸಿ. ಮಕ್ಸ್ ಸ್ವಿಚ್ (ಪರದೆ ಯಾವ ಗ್ರಾಫಿಕ್ಸ್‌ಗೆ ಸೇರಬೇಕು ಅಂತ ಬದಲಿಸುವ ಆಯ್ಕೆ) ಇದ್ದರೆ ಪರದೆಯನ್ನು ನೇರವಾಗಿ ದೊಡ್ಡ ಗ್ರಾಫಿಕ್ಸ್‌ಗೆ ಕೊಡಿ.

ಧೂಳು ಇನ್ನೊಂದು ದೊಡ್ಡ ಕಾರಣ. ರಸ್ತೆ ಬದಿಯ ಮನೆ, ಚಿಕ್ಕಬಳ್ಳಾಪುರ ಕಡೆ ಕಲ್ಲು ಕ್ವಾರಿ ಹತ್ತಿರದ ಮನೆ ಅಂದರೆ ಫ್ಯಾನ್ ಒಳಗೆ ಕಂಬಳಿ ಥರ ಕೂತಿರುತ್ತದೆ. ಮೂರು ನಾಲ್ಕು ತಿಂಗಳಿಗೊಮ್ಮೆ ಬ್ಲೋವರ್ ಹೊಡೆಯಿರಿ. ಹೊಡೆಯುವಾಗ ಫ್ಯಾನ್ ತಿರುಗದಂತೆ ಬೆರಳಲ್ಲಿ ಹಿಡಿದುಕೊಳ್ಳಿ. ಒದ್ದೆ ಬಟ್ಟೆ ಹಾಕಬೇಡಿ. ಮೂರ್ನಾಲ್ಕು ವರ್ಷ ಹಳೆಯದಾದರೆ ಥರ್ಮಲ್ ಪೇಸ್ಟ್ (ಪ್ರೊಸೆಸರಿನ ಕಾವನ್ನು ಹೊರಗೆ ದಾಟಿಸುವ ಪೇಸ್ಟ್) ಬದಲಾಯಿಸಿ, ಅದಕ್ಕೆ ತಗಲುವುದು ಕಮ್ಮಿ ದುಡ್ಡು.

ವ್ಯಾನ್ 9001, ವ್ಯಾನ್ 9003 ಅಂತ ಎರರ್ ಬಂದು ವ್ಯಾಲೊರಂಟ್ ತೆರೆಯೋದೇ ಇಲ್ಲ.

ವಿಂಡೋಸ್ 11ರಲ್ಲಿ ವ್ಯಾಲೊರಂಟ್‌ನ ಚೀಟ್ ತಡೆಯುವ ಸಾಫ್ಟ್‌ವೇರ್ ವ್ಯಾನ್‌ಗಾರ್ಡ್‌ಗೆ ಟಿಪಿಎಂ 2.0 ಮತ್ತು ಸೆಕ್ಯೂರ್ ಬೂಟ್ ಅನ್ನುವ ಪಿಸಿಯ ಭದ್ರತಾ ಸೌಲಭ್ಯ ಎರಡೂ ಬೇಕು. ಬಯೋಸ್‌ನಲ್ಲಿ ಆನ್ ಮಾಡಬೇಕು. ಟಿಪಿಎಂ ಇಂಟೆಲ್ ಬೋರ್ಡಿನಲ್ಲಿ ಪಿಟಿಟಿ ಅಂತಲೂ ಎಎಂಡಿಯಲ್ಲಿ ಎಫ್‌ಟಿಪಿಎಂ ಅಂತಲೂ ಇರುತ್ತದೆ.

ಆದರೆ ನೇರವಾಗಿ ಹೋಗಿ ಒತ್ತಬೇಡಿ. ಮೊದಲು ಸ್ಟಾರ್ಟ್‌ನಲ್ಲಿ ಸಿಸ್ಟಮ್ ಇನ್ಫರ್ಮೇಷನ್ ತೆರೆದು ಬಯೋಸ್ ಮೋಡ್ ಏನಿದೆ ನೋಡಿ. ಯುಇಎಫ್‌ಐ ಅಂತಿದ್ದರೆ ಸರಿ. ಲೆಗಸಿ ಅಂತಿದ್ದರೆ ನಿಮ್ಮ ಡಿಸ್ಕ್ ಹಳೆ ಎಂಬಿಆರ್ ರೀತಿಯಲ್ಲಿದೆ, ಹಾಗೇ ಬದಲಾಯಿಸಿದರೆ ವಿಂಡೋಸ್ ಏಳುವುದೇ ಇಲ್ಲ. ಡಿಸ್ಕನ್ನು ಹೊಸ ರೀತಿಗೆ, ಅಂದರೆ ಜಿಪಿಟಿಗೆ, ಬದಲಾಯಿಸುವ ಸಾಧನ ವಿಂಡೋಸ್‌ನಲ್ಲೇ ಇದೆ, ಡೇಟಾ ಅಳಿಸದೆ ಮಾಡುತ್ತದೆ. ಆದರೂ ಪ್ರಾಜೆಕ್ಟ್ ರಿಪೋರ್ಟು, ಮದುವೆ ಫೋಟೊ ಎಲ್ಲ ಬೇರೆ ಕಡೆ ಕಾಪಿ ಮಾಡಿಟ್ಟುಕೊಂಡೇ ಕೈ ಹಾಕಿ. ಬಿಟ್‌ಲಾಕರ್ (ವಿಂಡೋಸ್ ಡಿಸ್ಕಿಗೆ ಹಾಕುವ ಬೀಗ) ಆನ್ ಇದ್ದರೆ ಅದರ ರಿಕವರಿ ಕೀ ಬರೆದಿಟ್ಟುಕೊಳ್ಳಿ.

ರೈಜನ್ ಇರುವವರಿಗೆ ಇನ್ನೊಂದು ವಿಷಯ. ಎಫ್‌ಟಿಪಿಎಂ ಆನ್ ಇದ್ದಾಗ ಆಗೊಮ್ಮೆ ಈಗೊಮ್ಮೆ ಇಡೀ ಪಿಸಿ ಒಂದು ಕ್ಷಣ ನಿಂತಂತಾಗುವ ತೊಂದರೆ ಇತ್ತು. ಎಎಂಡಿ 2022ರಲ್ಲಿ ಅದನ್ನು ಒಪ್ಪಿಕೊಂಡು ಬಯೋಸ್ ಅಪ್‌ಡೇಟ್‌ನಲ್ಲಿ ಸರಿಪಡಿಸಿತು. ನಿಮ್ಮ ಬೋರ್ಡಿನ ಬಯೋಸ್ ಅದಕ್ಕಿಂತ ಹಳೆಯದಾದರೆ ಅಪ್‌ಡೇಟ್ ಮಾಡಿ. ಅಪ್‌ಡೇಟ್ ನಡೆಯುವಾಗ ಕರೆಂಟ್ ಹೋದರೆ ಬೋರ್ಡೇ ಸತ್ತುಹೋಗಬಹುದು. ಯುಪಿಎಸ್ ಇಲ್ಲದೆ, ಮಳೆ ಬರುವ ಸಂಜೆ, ದಯವಿಟ್ಟು ಬೇಡ.

ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಹೇಗೂ 11ಕ್ಕೆ ಹೋಗಬೇಕು, ಆಗ ಈ ಕೆಲಸವೂ ಒಟ್ಟಿಗೇ ಆಗಲಿ.

ಎಫ್‌ಪಿಎಸ್ ಬೂಸ್ಟರ್ ಆಪ್, ಗೇಮಿಂಗ್ ಎಡಿಷನ್ ವಿಂಡೋಸ್ ಹಾಕಿಕೊಳ್ಳಬಹುದಾ?

ಬೇಡ. ಬೂಸ್ಟರ್ ಆಪ್ ಮಾಡುವ ಕೆಲಸ ಟಾಸ್ಕ್ ಮ್ಯಾನೇಜರ್‌ನಲ್ಲಿ ನೀವೇ ಎರಡು ನಿಮಿಷದಲ್ಲಿ ಮಾಡಬಹುದು. ಆಪ್ ತಾನೇ ಇನ್ನೊಂದು ಹೊರೆಯಾಗಿ ಹಿಂದೆ ಓಡುತ್ತಿರುತ್ತದೆ.

ಯಾರೋ ಕತ್ತರಿಸಿ ಜೋಡಿಸಿದ ವಿಂಡೋಸ್ ಇನ್ನೂ ಕೆಟ್ಟದ್ದು. ಅಪ್‌ಡೇಟ್ ಕಿತ್ತುಹಾಕಿರುತ್ತಾರೆ, ಆಂಟಿವೈರಸ್ ಕಿತ್ತುಹಾಕಿರುತ್ತಾರೆ, ಬದಲಿಗೆ ಏನು ತುಂಬಿದ್ದಾರೋ ಯಾರಿಗೂ ಗೊತ್ತಿಲ್ಲ. ವ್ಯಾನ್‌ಗಾರ್ಡ್ ಕೂಡ ತಕರಾರು ತೆಗೆಯಬಹುದು. ಸ್ಕಿನ್‌ಗೆ (ಗೇಮಿನ ಗನ್ನಿನ ಅಲಂಕಾರಕ್ಕೆ) ಅಂತ ದುಡ್ಡು ಹಾಕಿದ ಅಕೌಂಟಿನ ಪಾಸ್‌ವರ್ಡನ್ನು ಅಂಥ ಪಿಸಿಯಲ್ಲಿ ಒತ್ತುವ ಧೈರ್ಯ ಹೇಗೆ ಬರುತ್ತದೋ!

ಡ್ರೈವರ್ ಬಂದಾಗಲೆಲ್ಲ ಅಪ್‌ಡೇಟ್ ಮಾಡಲೇಬೇಕಾ?

ಚೆನ್ನಾಗಿ ಓಡುತ್ತಿದ್ದರೆ ಅವಸರ ಇಲ್ಲ. ಹೊಸ ಡ್ರೈವರ್ ಹಾಕಿದ ಮೇಲೇ ತಡವರಿಕೆ ಶುರುವಾದರೆ ಡಿಡಿಯು ಅನ್ನುವ ಉಚಿತ ಸಾಧನದಿಂದ ಪೂರ್ತಿ ತೆಗೆದು ಹಿಂದಿನದನ್ನು ಹಾಕಿ.

ತುಮಕೂರಿನಿಂದ ಪಿಂಗ್ ಎಷ್ಟು ಬರಬೇಕು? ಬೆಂಗಳೂರಲ್ಲಿರೋ ಫ್ರೆಂಡ್‌ಗೆ ನನಗಿಂತ ಕಮ್ಮಿ.

ನಾವು ಆಡುವ ಸರ್ವರ್ ಹೆಚ್ಚಾಗಿ ಮುಂಬೈಯದು. ಫೈಬರಿನಲ್ಲಿ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರ್ ಓಡುತ್ತದೆ. ಮುಂಬೈಗೆ ಹೋಗಿ ಬರಲು ಎರಡು ಸಾವಿರ ಕಿಲೋಮೀಟರ್ ಅಂತ ಹಿಡಿದರೆ 10 ಮಿಲಿಸೆಕೆಂಡ್ ದಾರಿಗೇ ಬೇಕು. ಅದಕ್ಕಿಂತ ಕೆಳಗೆ ಯಾವ ಸೆಟ್ಟಿಂಗೂ ಇಳಿಸಲಾರದು. ರೂಟರ್‌ಗಳು, ಸುತ್ತು ದಾರಿಗಳು ಸೇರಿ 30ರ ಆಸುಪಾಸು ಬಂದರೆ ಅದು ಚೆನ್ನಾಗಿಯೇ ಇದೆ. ರಾಷ್ಟ್ರೀಯ ಹೆದ್ದಾರಿ 48 ನಮ್ಮ ಊರಿನ ಪಕ್ಕದಲ್ಲೇ ಮುಂಬೈ ಕಡೆ ಹೋಗುತ್ತದೆ, ಆದರೆ ನಮ್ಮ ನೆಟ್ ಬಹುತೇಕ ಮೊದಲು ಬೆಂಗಳೂರಿಗೆ ಹೋಗಿ ಆಮೇಲೆ ಮುಂಬೈಗೆ ಹೊರಡುತ್ತದೆ. ನಿಮ್ಮ ಫ್ರೆಂಡ್‌ಗೆ ಎರಡು ಮೂರು ಕಮ್ಮಿ ಬಂದರೆ ಅದಕ್ಕೆ. ಅಷ್ಟಕ್ಕೆ ತಲೆ ಕೆಡಿಸಿಕೊಳ್ಳಬೇಡಿ.

ತಲೆ ಕೆಡಿಸಿಕೊಳ್ಳಬೇಕಾದ್ದು ಏರಿಳಿತಕ್ಕೆ ಮತ್ತು ಪ್ಯಾಕೆಟ್ ಲಾಸ್‌ಗೆ (ದಾರಿಯಲ್ಲಿ ಡೇಟಾ ಕಳೆದುಹೋಗುವುದಕ್ಕೆ). 35ರಲ್ಲಿ ನಿಂತ ಪಿಂಗ್‌ಗೆ ಕೈ ಒಗ್ಗಿಕೊಳ್ಳುತ್ತದೆ. 25ಕ್ಕೂ 120ಕ್ಕೂ ಹಾರುವುದಕ್ಕೆ ಒಗ್ಗುವುದಿಲ್ಲ. ಮೊದಲ ಮದ್ದು ಲ್ಯಾನ್ ಕೇಬಲ್. ಹಾಲ್‌ನಿಂದ ರೂಮಿಗೆ ಹದಿನೈದು ಮೀಟರ್ ಕೇಬಲ್ ಎಳೆಸಿ, ಬಾಗಿಲ ಚೌಕಟ್ಟಿಗೆ ಕ್ಲಿಪ್ ಹೊಡೆಸಿ, ಅಮ್ಮ ಬೈದರೂ ಪರವಾಗಿಲ್ಲ. ಕೇಬಲ್ ಆಗದಿದ್ದರೆ ವೈಫೈಯ 5 ಗಿಗಾಹರ್ಟ್ಸ್ ಹೆಸರಿಗೆ ಸೇರಿಕೊಳ್ಳಿ. ಪಿಜಿಗಳಲ್ಲಿ 2.4 ಗಿಗಾಹರ್ಟ್ಸ್‌ನಲ್ಲಿ ಇಡೀ ಬೀದಿಯ ರೂಟರ್‌ಗಳು ಕಿತ್ತಾಡುತ್ತಿರುತ್ತವೆ.

ರಾತ್ರಿ ಮನೆಯವರು ಧಾರಾವಾಹಿ ಹಾಕಿದಾಗ, ಯಾರದೋ ಫೋನು ಫೋಟೊ ಅಪ್‌ಲೋಡ್ ಮಾಡುವಾಗ ಮಾತ್ರ ಪಿಂಗ್ ಹಾರಿದರೆ ಲೈನ್ ತುಂಬಿದೆ ಅಂತ ಅರ್ಥ. ರೂಟರ್‌ನಲ್ಲಿ ಕ್ಯುಒಎಸ್ ಇದ್ದರೆ ನಿಮ್ಮ ಪಿಸಿಗೆ ಮೊದಲ ಆದ್ಯತೆ ಕೊಡಿ. ಇನ್ನೂ ಜಾಸ್ತಿ ಎಂಬಿಪಿಎಸ್ ಪ್ಲ್ಯಾನ್ ತೆಗೆದುಕೊಂಡರೆ ಪಿಂಗ್ ಇಳಿಯುತ್ತದೆ ಅನ್ನೋದು ತಪ್ಪು, ಈ ಗೇಮ್‌ಗಳಿಗೆ ಬೇಕಾದ ಡೇಟಾ ತೀರಾ ಕಮ್ಮಿ. ಸಿಎಸ್2ನಲ್ಲಿ ಒಪ್ಪಬಹುದಾದ ಗರಿಷ್ಠ ಪಿಂಗ್ ಅಂತ ಒಂದು ಸೆಟ್ಟಿಂಗ್ ಇದೆ, ಇಳಿಸಿಡಿ. ಇಲ್ಲದಿದ್ದರೆ ರಾತ್ರಿ ಎರಡು ಗಂಟೆಗೆ ಯಾವುದೋ ದೂರದ ಸರ್ವರಿಗೆ ಎಸೆಯುತ್ತದೆ.

ಕರೆಂಟ್ ಹೋಗಿ ಬಂದಾಗ ಪಿಸಿ ರೀಸ್ಟಾರ್ಟ್ ಆಗುತ್ತೆ. 600 ವಿಎ ಯುಪಿಎಸ್ ಇದೆಯಲ್ಲ?

600 ವಿಎ ಅಂದರೆ ಸುಮಾರು 360 ವ್ಯಾಟ್. ಆಫೀಸ್ ಪಿಸಿಗೆ ಸಾಕು. ಗ್ರಾಫಿಕ್ಸ್ ಕಾರ್ಡ್ ಇರುವ ಪಿಸಿ ಗೇಮ್ ಆಡುವಾಗ ಮಾನಿಟರ್ ಸೇರಿ ಅದನ್ನು ದಾಟಬಹುದು. ಹಾಗಾದಾಗ ಯುಪಿಎಸ್ ಕೈ ಬಿಡುತ್ತದೆ. 1 ಕೆವಿಎ ಇರಲಿ. ಬ್ಯಾಟರಿ ಎರಡು ಮೂರು ವರ್ಷಕ್ಕೆ ಸೊರಗುತ್ತದೆ ಅನ್ನೋದೂ ನೆನಪಿರಲಿ. ರೂಟರಿಗೆ ಬೇರೆಯಾಗಿ 12 ವೋಲ್ಟಿನ ಚಿಕ್ಕ ಯುಪಿಎಸ್ ಸಿಗುತ್ತದೆ, ಅಗ್ಗ. ಪಿಸಿ ಉಳಿದು ರೂಟರ್ ಸತ್ತರೆ ಮ್ಯಾಚ್ ಹೋದಂತೆಯೇ ಅಲ್ವಾ?

ಒಂದಷ್ಟು ದುಡ್ಡು ಹಾಕಲು ರೆಡಿ ಇದ್ದೀನಿ. ಮೊದಲು ಏನು ತಗೊಳ್ಳಲಿ?

ಹಾರ್ಡ್ ಡಿಸ್ಕ್‌ನಲ್ಲಿ ಆಡುತ್ತಿದ್ದರೆ ಎಸ್‌ಎಸ್‌ಡಿ. ಎಫ್‌ಪಿಎಸ್ ಸಂಖ್ಯೆ ಏರುವುದಿಲ್ಲ, ಆದರೆ ಮ್ಯಾಪ್ ಬೇಗ ತೆರೆಯುತ್ತದೆ, ನಡುನಡುವೆ ನಿಲ್ಲುವುದು ಕಮ್ಮಿಯಾಗುತ್ತದೆ. ಸಿಎಸ್2ಕ್ಕೇ 85 ಜಿಬಿ ಜಾಗ ಬೇಕು, 256 ಜಿಬಿಯದು ತೆಗೆದುಕೊಂಡು ಆಮೇಲೆ ಪೇಚಾಡಬೇಡಿ. ಆಮೇಲೆ ಎರಡನೇ ರ‍್ಯಾಮ್ ಸ್ಟಿಕ್. ಆಮೇಲೆ 144 ಹರ್ಟ್ಸ್ ಮಾನಿಟರ್, ಪಿಸಿ 100 ಎಫ್‌ಪಿಎಸ್ ದಾಟುತ್ತಿದ್ದರೆ ಮಾತ್ರ. ಪ್ರೊಸೆಸರೋ ಕಾರ್ಡೋ ಅನ್ನುವುದನ್ನು ಮೇಲೆ ಹೇಳಿದ ರೆಸಲ್ಯೂಷನ್ ಪರೀಕ್ಷೆ ಹೇಳುತ್ತದೆ. ಆರ್‌ಜಿಬಿ ಫ್ಯಾನಿನಿಂದ ಬಣ್ಣ ಬರುತ್ತದೆ.

ಎಸ್.ಪಿ. ರೋಡಿನಲ್ಲಿ ಸೆಕೆಂಡ್ ಹ್ಯಾಂಡ್ ಕಾರ್ಡ್ ತೆಗೆದುಕೊಳ್ಳುವುದಾದರೆ ಅಲ್ಲೇ ಪಿಸಿಗೆ ಹಾಕಿಸಿ, ಅರ್ಧ ಗಂಟೆ ಗೇಮ್ ಓಡಿಸಿ, ಫ್ಯಾನ್ ಸದ್ದು ಕೇಳಿ, ಕಾವು ನೋಡಿ. ಅಂಗಡಿಯವರು "ಟೈಮ್ ಇಲ್ಲ" ಅಂದರೆ ಮುಂದಿನ ಅಂಗಡಿಗೆ ನಡೆಯಿರಿ. ಎಪ್ಪತ್ತು ಕಿಲೋಮೀಟರ್ ವಾಪಸ್ ಬಂದ ಮೇಲೆ ಜಗಳ ಆಡುವುದು ಕಷ್ಟ.

ಎಲ್ಲ ಮಾಡಿದೆ. ಇನ್ನೂ ತಡವರಿಸುತ್ತೆ. ಅಂಗಡಿಗೆ ತರೋದಾ?

ತನ್ನಿ. ಬರುವ ಮುಂಚೆ ತಡವರಿಸುವ ಹೊತ್ತಿನಲ್ಲಿ ಫ್ರೇಮ್ ಟೈಮ್ ಗ್ರಾಫ್ ಕಾಣುವಂತೆ ಫೋನಿನಲ್ಲಿ ಒಂದು ನಿಮಿಷದ ವಿಡಿಯೊ ಮಾಡಿಕೊಳ್ಳಿ. ಪಿಸಿ ಅಂಗಡಿಗೆ ಬಂದ ತಕ್ಷಣ ಸಭ್ಯವಾಗಿ ಓಡಲು ಶುರುಮಾಡುತ್ತದೆ, ಆಗ ಆ ವಿಡಿಯೊ ಬೇಕಾಗುತ್ತದೆ. ಯಾವ ಸೆಟ್ಟಿಂಗ್ ಯಾವಾಗ ಬದಲಾಯಿಸಿದಿರಿ ಅಂತ ಚೀಟಿಯಲ್ಲಿ ಬರೆದಿದ್ದರೆ ಇನ್ನೂ ಒಳ್ಳೆಯದು. ಸಿಪಿಯು ಜೊತೆ ನಿಮ್ಮ ಪವರ್ ಕೇಬಲ್, ಮಾನಿಟರ್ ಕೇಬಲ್ ಎರಡನ್ನೂ ತನ್ನಿ, ತೊಂದರೆ ಅದರಲ್ಲೇ ಇರಬಹುದು. ಮಾನಿಟರ್ ಬೇಡ. ಸ್ಕೂಟರಿನಲ್ಲಿ ತರುವುದಾದರೆ ಸಿಪಿಯುವನ್ನು ಮುಂದೆ ಕಾಲ ಹತ್ತಿರ ಬೆಡ್‌ಶೀಟ್ ಸುತ್ತಿ ಇಡಿ. ದೊಡ್ಡ ಕಾರ್ಡ್ ಇದ್ದರೆ ಅದನ್ನು ಬಿಚ್ಚಿ ಬ್ಯಾಗಿನಲ್ಲಿ ತನ್ನಿ. ಕುಲುಕಾಟಕ್ಕೆ ಸ್ಲಾಟ್ ಮುರಿದರೆ ಸೆಟ್ಟಿಂಗ್‌ನಿಂದ ಸರಿಹೋಗುವುದಿಲ್ಲ.